ಬಸುರಿಯ ತಲೆನೋವು: ಜಮೈಕಾದ ಕ್ಲಿನಿಕ್ಕಿನಲ್ಲಿ ಕಂಡದ್ದು

ಕೇಳುಗರೆಲ್ಲರಿಗೂ ನಮಸ್ಕಾರ. ಊಟ ಮುಗಿಸಿ ಅಡುಗೆಮನೆ ಒರೆಸುತ್ತಾ ರೇಡಿಯೋ ಹಾಕಿಕೊಂಡಿರುವ ಅಮ್ಮಂದಿರು, ಅತ್ತೆಯಂದಿರು, ಹೆರಿಗೆಗೆ ತವರಿಗೆ ಬಂದಿರುವ ಹೆಣ್ಣುಮಕ್ಕಳು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತಿದ್ದೇನೆ. ಆಟೋ ಓಡಿಸುತ್ತಾ ಕೇಳುತ್ತಿರುವ ಗಂಡಂದಿರು ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳಿ. ಇದು ನಿಮಗೂ ಸೇರಿದ ಮಾತು.

ನಾನು ಹೆರಿಗೆ ನರ್ಸ್. ಹುಟ್ಟಿದ್ದು, ಕಲಿತದ್ದು ದಕ್ಷಿಣ ಕನ್ನಡದಲ್ಲಿ. ಆಮೇಲೆ ಹಲವು ವರ್ಷ ಜಮೈಕಾದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಮಾಡುವ ಕೆಲಸ. ಜಮೈಕಾ ಅಂದರೆ ಎಲ್ಲಿ ಅಂತ ಕೇಳಬೇಡಿ. ನಮ್ಮ ಆರ್‌ಸಿಬಿಗೆ ಆಡಿದ ಕ್ರಿಸ್ ಗೇಲ್ ಅವರ ಊರು. ಕೆರಿಬಿಯನ್ ಸಮುದ್ರದಲ್ಲಿ, ಕ್ಯೂಬಾದ ದಕ್ಷಿಣಕ್ಕೆ ಇರುವ ದ್ವೀಪ. ಅಲ್ಲಿಂದ ಒಂದೇ ಒಂದು ವಿಷಯ ಹೇಳಲು ಬಂದಿದ್ದೇನೆ: ಬಸುರಿಯ ಬಿಪಿ. ತಪಾಸಣೆಗೆ ಹೋದಾಗೆಲ್ಲ ಬಿಪಿ ನೋಡಿಸಿ. ಬಿಡದ ತಲೆನೋವು ಬಂದರೆ ಅವತ್ತೇ ಹೋಗಿ ನೋಡಿಸಿ.

ಆ ನಾಡು ನನಗೆ ಪರಕೀಯ ಅನ್ನಿಸಲೇ ಇಲ್ಲ. ನಮ್ಮ ಜೀಗುಜ್ಜೆ ಅಲ್ಲಿ ಮನೆಮನೆಯ ಹಿತ್ತಲಲ್ಲೂ ಇದೆ, ಕೆಂಡದಲ್ಲಿ ಸುಟ್ಟು ತಿನ್ನುತ್ತಾರೆ. ಕಲಾಲೂ ಅಂತ ಒಂದು ಸೊಪ್ಪು ಬೇಯಿಸುತ್ತಾರೆ, ನೋಡಿದರೆ ನಮ್ಮ ಹರಿವೆ ಜಾತಿಯದ್ದೇ. ಬಸುರಿಯರಿಗೆ ಸೊಪ್ಪು ತಿನ್ನಿ ಅಂತ ಹೇಳುವುದು ನನಗೆ ಎಷ್ಟು ಸುಲಭವಾಯಿತು ಗೊತ್ತಾ! ಕಿಂಗ್‌ಸ್ಟನ್‌ನಲ್ಲಿ ವಿಕ್ಟೋರಿಯಾ ಜುಬಿಲಿ ಅಂತ ದೊಡ್ಡ ಹೆರಿಗೆ ಆಸ್ಪತ್ರೆ ಇದೆ, 1891ರಷ್ಟು ಹಳೆಯದು. 2008ರಿಂದ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳಿಂದ ಶುಲ್ಕ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಹಾಗಾಗಿ ಕ್ಲಿನಿಕ್ ದಿನ ಬೆಳಕು ಹರಿಯುವ ಮೊದಲೇ ಬೆಂಚು ತುಂಬಿರುತ್ತಿತ್ತು.

ನಮ್ಮ ಕ್ಲಿನಿಕ್ಕಿನಲ್ಲಿ ಮೊದಲ ಕೆಲಸ ಬಿಪಿ, ಎರಡನೆಯದು ಮೂತ್ರ ಪರೀಕ್ಷೆ. ಮಿಕ್ಕದ್ದೆಲ್ಲ ಆಮೇಲೆ. ಯಾಕೆ ಅಂತೀರಾ? ಐದನೇ ತಿಂಗಳು ದಾಟಿದ ಮೇಲೆ ಕೆಲವು ಬಸುರಿಯರಿಗೆ ಬಿಪಿ ಏರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. ಡಾಕ್ಟರುಗಳು ಇದಕ್ಕೆ ಪ್ರಿಎಕ್ಲಾಂಪ್ಸಿಯಾ ಅನ್ನುತ್ತಾರೆ. ಹೆಸರು ನೆನಪಿಡುವುದು ಬೇಡ, 140/90 ಅನ್ನುವ ಅಂಕಿ ನೆನಪಿಡಿ. ಅದನ್ನು ಮುಟ್ಟಿದರೆ ಎಚ್ಚರ. 160/110 ಮುಟ್ಟಿದರೆ ಆ ಕ್ಷಣವೇ ಆಸ್ಪತ್ರೆ. ಬಿಟ್ಟರೆ ಫಿಟ್ಸ್ ಬರಬಹುದು. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಕೆಟ್ಟ ವಿಷಯ ಏನೆಂದರೆ, ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಆಮೇಲೆ ಗೊತ್ತಾದಾಗ ನಾವು ಅದಕ್ಕೆ ಬೇರೆ ಹೆಸರು ಇಡುತ್ತೇವೆ. ತಲೆನೋವು ಬಂದರೆ ಪಿತ್ತ. ಪಕ್ಕೆಲುಬಿನ ಕೆಳಗೆ ನೋವು ಬಂದರೆ ಗ್ಯಾಸ್. ಮುಖ, ಕೈ ಊದಿಕೊಂಡರೆ "ಬಸುರಿ ಅಲ್ವಾ, ಊದೋದು ಇದ್ದದ್ದೇ." ಜಮೈಕಾದಲ್ಲೂ ಹೀಗೇ. ಅಲ್ಲಿಯೂ ಎಲ್ಲ ನೋವಿಗೂ ಗ್ಯಾಸೇ ಕಾರಣ! ಶುಂಠಿ ಕುದಿಸಿ ಕುಡಿಸುತ್ತಾರೆ. ಇನ್ನು ಕೆಲವರು ಸೆರಸೀ ಅಂತ ಒಂದು ಕಹಿ ಕಷಾಯ ಮಾಡುತ್ತಾರೆ. ಅದು ಬೇರೇನಲ್ಲ, ಕಾಡು ಹಾಗಲದ ಬಳ್ಳಿ. ಬಸುರಿಗೆ ಅದನ್ನಂತೂ ಕೊಡಲೇಬಾರದು.

ಈಗ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಇದನ್ನು ಹೇಳದೆ ನನ್ನ ಭಾಷಣ ಮುಗಿಯುವುದಿಲ್ಲ.

ನಮ್ಮ ಕ್ಲಿನಿಕ್ಕಿನ ಗೋಡೆ ಮೇಲೆ ಚಿತ್ರದ ಹಾಳೆ ಅಂಟಿಸಿದ್ದೆವು. ತಲೆ ಹಿಡಿದುಕೊಂಡ ಬಸುರಿ, ಕಣ್ಣ ಮುಂದೆ ಚುಕ್ಕೆ ಕುಣಿಯುತ್ತಿರುವ ಬಸುರಿ, ಹೊಟ್ಟೆಯ ಮೇಲ್ಭಾಗ ಒತ್ತಿಕೊಂಡ ಬಸುರಿ. ಕೊನೆಗೆ ಒಂದು ಆಸ್ಪತ್ರೆ. ಅಷ್ಟೇ. ಬ್ಲೂ ಮೌಂಟನ್ ಅಂತ ಕಾಫಿ ಬೆಳೆಯುವ ಬೆಟ್ಟಗಳಿವೆ, ನಮ್ಮ ಚಿಕ್ಕಮಗಳೂರಿನ ಕಡೆ ಇದ್ದ ಹಾಗೆ. ಅಲ್ಲಿಂದ ಒಬ್ಬ ಹುಡುಗಿ ಬರುತ್ತಿದ್ದಳು, ಚೊಚ್ಚಲು ಬಸುರಿ. ಜೊತೆಗೆ ಅವಳ ಅಜ್ಜಿ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಸರದಿ ಬರುವ ತನಕ ಗೋಡೆಯ ಚಿತ್ರವನ್ನೇ ನೋಡುತ್ತಾ ಕೂತಿರುತ್ತಿದ್ದರು. ಒಂದು ಸಲ ನನ್ನನ್ನು ಕರೆದು, "ನರ್ಸ್, ಈ ಹುಡುಗಿ ಕಣ್ಣಿಗೆ ಏನಾಗಿದೆ?" ಅಂತ ಕೇಳಿದರು. ನಾನು ನಿಂತು ವಿವರಿಸಿದೆ. ಅವರು ಹೂಂ ಅಂದರು.

ಎಂಟನೇ ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಬಂದರು. ಅವತ್ತು ಅವರ ಕ್ಲಿನಿಕ್ ದಿನ ಅಲ್ಲ. ಚೀಟಿ ಬರೆಯುವವರು "ಇವತ್ತು ಆಗಲ್ಲ, ಮುಂದಿನ ವಾರ ಬನ್ನಿ" ಅಂದುಬಿಟ್ಟರು. ಇಂಥ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ತಲೆನೋವು ದಿನ ನೋಡಿಕೊಂಡು ಬರುತ್ತದಾ? ಅಜ್ಜಿ ಜಗ್ಗಲಿಲ್ಲ. ಮೊಮ್ಮಗಳ ಕೈ ಹಿಡಿದು ಸೀದಾ ಒಳಗೆ ಬಂದರು. ಗೋಡೆಯ ಮೇಲಿನ ಆ ಚಿತ್ರದ ಮೇಲೆ ಬೆರಳಿಟ್ಟರು. ಆಮೇಲೆ ಅದೇ ಬೆರಳನ್ನು ಮೊಮ್ಮಗಳ ಕಡೆ ತೋರಿಸಿದರು. ಹುಡುಗಿ, "ಏನಿಲ್ಲ ನರ್ಸ್, ಗ್ಯಾಸು. ರಾತ್ರಿಯಿಂದ ತಲೆ ಸಿಡೀತಿದೆ, ಅಷ್ಟೇ" ಅಂದಳು.

ಕೂರಿಸಿ ಬಿಪಿ ನೋಡಿದೆ. 172/114. ಮೂತ್ರದಲ್ಲಿ ಪರೀಕ್ಷೆ ಪಟ್ಟಿ ಅದ್ದಿದೆ. ಹಳದಿ ಇರಬೇಕಾದ ಚೌಕ ನೋಡನೋಡುತ್ತಿದ್ದಂತೆ ಕಡು ಹಸಿರಾಯಿತು. ಮಂಡಿಗೆ ಮೆಲ್ಲಗೆ ತಟ್ಟಿದರೆ ಕಾಲು ಒದ್ದ ಹಾಗೆ ಹಾರಿತು, ಅದು ಫಿಟ್ಸ್ ಬರಬಹುದು ಅನ್ನುವ ಸೂಚನೆ. ಇನ್ನು ತಡ ಮಾಡುವಂತಿರಲಿಲ್ಲ. ಡಾಕ್ಟರು ಓಡಿ ಬಂದರು. ಬಿಪಿ ಇಳಿಸುವ ಔಷಧ ಕೊಟ್ಟರು, ಜೊತೆಗೆ ಫಿಟ್ಸ್ ತಡೆಯುವ ಮೆಗ್ನೀಸಿಯಮ್ ಸಲ್ಫೇಟ್ ಇಂಜೆಕ್ಷನ್. ಅದು ರಕ್ತನಾಳಕ್ಕೆ ಹೋಗುವಾಗ ಮೈಯೆಲ್ಲ ಕಾದ ಹಾಗೆ ಆಗುತ್ತದೆ. ಹುಡುಗಿ ಬೆಂಕಿ, ಬೆಂಕಿ ಅಂತ ಅತ್ತಳು. ಅಜ್ಜಿ ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತಲೇ ಇದ್ದರು. ನಾನು ಆಗಾಗ ಅವಳ ಉಸಿರು ಎಣಿಸುತ್ತಾ, ಮಂಡಿ ತಟ್ಟುತ್ತಾ, ಮೂತ್ರ ಅಳೆಯುತ್ತಾ ಪಕ್ಕದಲ್ಲೇ ಇದ್ದೆ. ಆ ಔಷಧ ಹೆಚ್ಚಾದರೂ ಕಷ್ಟ, ಅದಕ್ಕೇ ಕಣ್ಣಿಟ್ಟಿರಬೇಕು. ಈ ಕಾಯಿಲೆ ಹೋಗಬೇಕಾದರೆ ಹೆರಿಗೆಯೇ ಆಗಬೇಕು. ಮರುದಿನ ಹೆರಿಗೆ ಮಾಡಿಸಿದರು. ಎರಡು ಕಿಲೋ ಚಿಲ್ಲರೆ ತೂಕದ ಹೆಣ್ಣು ಮಗು. ಫಿಟ್ಸ್ ಬರಲಿಲ್ಲ. ಇಬ್ಬರೂ ಕ್ಷೇಮ. ಮಗುವಿನ ಹೊಕ್ಕುಳಬಳ್ಳಿಯನ್ನು ಹಿತ್ತಲಲ್ಲಿ ಹೂತು ಮೇಲೆ ಒಂದು ಗಿಡ ನೆಡುವ ಪದ್ಧತಿ ಅಲ್ಲಿದೆ. ಅಜ್ಜಿ ತೆಂಗಿನ ಸಸಿ ನೆಟ್ಟರಂತೆ. ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದಾಗ ಹೇಳಿಹೋದರು.

ಅವತ್ತು ಡಾಕ್ಟರು, ಔಷಧ, ನಾನು, ಎಲ್ಲರೂ ಬಂದದ್ದು ಆಮೇಲೆ. ಮೊದಲು ಕಂಡುಹಿಡಿದದ್ದು ಆ ಅಜ್ಜಿ. ಚಿತ್ರದಿಂದ ಇಷ್ಟೆಲ್ಲ ಆಗುತ್ತದಾ ಅಂತ ಕೇಳುವವರಿಗೆ ಹೇಳುತ್ತೇನೆ: ಜಮೈಕಾದ ಒಂದು ಭಾಗದಲ್ಲಿ ಬಸುರಿಯರ ಕೈಗೇ ಇಂಥ ಚಿತ್ರದ ಕಾರ್ಡ್ ಕೊಟ್ಟು ನೋಡಿದ್ದಾರೆ. ಅಲ್ಲಿ ಫಿಟ್ಸ್ ಬರುವವರು ಕಡಿಮೆಯಾದರು. 2004ರಲ್ಲಿ ಅದು ವೈದ್ಯರ ಪತ್ರಿಕೆಯಲ್ಲಿ ಬಂತು. ಆ ಇಂಜೆಕ್ಷನ್ನಿನ ವಿಷಯವೂ ಅಷ್ಟೇ. ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಅಧ್ಯಯನ ಮಾಡಿ, ಫಿಟ್ಸ್ ಬರುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ ಅಂತ 2002ರಲ್ಲೇ ತೋರಿಸಿದ್ದಾರೆ. ಅಗ್ಗದ ಔಷಧ. ಆದರೆ ನೀವು ಆಸ್ಪತ್ರೆ ಬಾಗಿಲಿಗೆ ಬಂದರೆ ತಾನೇ ಕೊಡುವುದು?

ನಮ್ಮ ಊರಿಗೆ ಬರೋಣ. ಇಲ್ಲಿ ಬಸುರಿಯರನ್ನು ಮಾತಾಡಿಸಿದರೆ ಸ್ಕ್ಯಾನಿಂಗ್ ವಿಷಯ ಎಲ್ಲ ಬಾಯಿಪಾಠ. ಮಗುವಿನ ತೂಕ ಎಷ್ಟು, ನೀರು ಎಷ್ಟು, ಎಲ್ಲ ಹೇಳುತ್ತಾರೆ. ಬಿಪಿ ಎಷ್ಟಿತ್ತಮ್ಮ ಅಂದರೆ "ಸಿಸ್ಟರ್ ನಾರ್ಮಲ್ ಅಂದರು." ನಾರ್ಮಲ್ ಅಂದರೆ ಎಷ್ಟು? ಕೇಳಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ನೋಡಿಸುವಾಗ ಐದು ನಿಮಿಷ ಸುಮ್ನೆ ಕೂತಿರಿ. ಕಾಲ ಮೇಲೆ ಕಾಲು ಬೇಡ, ಮಾತೂ ಬೇಡ. ಪಟ್ಟಿಯನ್ನು ನೈಟಿ ತೋಳಿನ ಮೇಲೆ ಕಟ್ಟಿಸಿಕೊಳ್ಳಬೇಡಿ, ತೋಳಿಗೇ ಕಟ್ಟಲಿ. ಅತ್ತೆಯಂದಿರೇ, ಸೀಮಂತಕ್ಕೆ ಸೀರೆ ಆರಿಸಲು ಇಡೀ ದಿನ ಕೊಡುತ್ತೀರಲ್ಲ, ಇದಕ್ಕೆ ಹತ್ತು ನಿಮಿಷ ಕೊಡಿ.

ಹೆರಿಗೆ ಆಯಿತು, ಇನ್ನೇನಿಲ್ಲ ಅನ್ನಬೇಡಿ. ಬಾಣಂತಿಗೂ ಫಿಟ್ಸ್ ಬರಬಹುದು. ಮೊದಲ ಎರಡು ದಿನ ಜಾಸ್ತಿ ಎಚ್ಚರ, ಆಮೇಲೂ ಕೆಲವು ವಾರ ಗಮನ ಇರಲಿ. ಬಾಣಂತಿಗೆ ತಲೆ ಸಿಡಿದರೆ ಗಾಳಿ ಹೊಕ್ಕಿದೆ ಅಂತ ಕಿವಿಗೆ ಹತ್ತಿ ಇಟ್ಟು ಮಲಗಿಸಬೇಡಿ, ಬಿಪಿ ನೋಡಿಸಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಾಗಿಲ್ಲ.

ಸಮಯ ಆಗುತ್ತಾ ಬಂತು ಅಂತ ಇಲ್ಲಿ ಕೈ ತೋರಿಸುತ್ತಿದ್ದಾರೆ. ಹೇಳಬೇಕಾದದ್ದು ಇನ್ನೂ ಇದೆ, ಬೇಗ ಹೇಳಿಬಿಡುತ್ತೇನೆ. ಜಮೈಕಾದಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ರಕ್ತದಲ್ಲಿ ಸಿಕಲ್ ಸೆಲ್ ಗುಣ ಇದೆ, ಅಂದರೆ ತಂದೆ ತಾಯಿಯಿಂದ ಮಕ್ಕಳಿಗೆ ಬರುವ ಒಂದು ರಕ್ತದ ಕಾಯಿಲೆಯ ಗುಣ. ನಮ್ಮಲ್ಲೂ ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗರು, ಜೇನುಕುರುಬರಂಥ ಕಾಡಿನ ಜನರಲ್ಲಿ ಅದು ಇದೆ. ಆ ಕಡೆಯವರು ಗಂಡ ಹೆಂಡತಿ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿ. ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗೆ ನಾಚಿಕೆ ಬೇಡ. ತಾಯಿಯಿಂದ ಮಗುವಿಗೆ ಇವು ಹರಡುವುದನ್ನು ತಡೆದದ್ದಕ್ಕೆ ಜಮೈಕಾಕ್ಕೆ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿತು. ಬಸುರಿಯರೆಲ್ಲ ಪರೀಕ್ಷೆ ಮಾಡಿಸಿಕೊಂಡದ್ದರಿಂದ ತಾನೇ ಅದು ಆದದ್ದು? ಕಬ್ಬಿಣದ ಮಾತ್ರೆಯ ವಿಷಯ ನಿಮ್ಮ ಆಶಾ ಕಾರ್ಯಕರ್ತೆಯನ್ನೇ ಕೇಳಿ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ನಾಲ್ಕನೇ ತಿಂಗಳು ಬಿದ್ದವರೆಲ್ಲ ಹೋಗಿ, ಜೊತೆಗೆ ಮನೆಯ ಹಿರಿಯರೊಬ್ಬರು ಇರಲಿ. ಬಿಪಿ ಎಷ್ಟು, ಮೂತ್ರದಲ್ಲಿ ಪ್ರೋಟೀನ್ ಇದೆಯಾ, ಈ ಎರಡು ಪ್ರಶ್ನೆ ಕೇಳದೆ ಎದ್ದು ಬರಬೇಡಿ. ಆದರೆ ತಲೆನೋವು ಬಂದವರು 9ನೇ ತಾರೀಕಿಗೆ ಕಾಯಬೇಡಿ, ಇವತ್ತೇ ಹೊರಡಿ. ನಮಸ್ಕಾರ.