ರೀಸ್ಟಾರ್ಟ್ ಮಾಡುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ.

ನಾನು ದಾವಣಗೆರೆಯ ಒಂದು ಸಣ್ಣ ಇಂಟರ್‌ನೆಟ್ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ನಿಮ್ಮ ಮನೆಗೆ ಕಂಬದಿಂದ ಬರುವ ಸಣ್ಣ ಕಪ್ಪು ವೈರು, ಗೋಡೆ ಮೇಲಿನ ಬಿಳಿ ಡಬ್ಬ, ಇವೆರಡೂ ನಿಮಗೆ ಗೊತ್ತು. ಆ ವೈರು ಕಂಬದಿಂದ ಕಂಬಕ್ಕೆ ಹೋಗಿ ಕೊನೆಗೆ ಸೇರುವ ಜಾಗದಲ್ಲಿ ನನ್ನ ಕೆಲಸ. ಒಂದು ಎಸಿ ರೂಮು, ಒಂದು ಕಬ್ಬಿಣದ ರ‍್ಯಾಕು, ಅದರಲ್ಲಿ ನಾಲ್ಕು ಸರ್ವರ್. ನಾಲ್ಕರಲ್ಲೂ ಓಡುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರು ಮಾಡಿದ್ದು. ದುಡ್ಡು ಕೊಡದೆ ಸಿಗುತ್ತದೆ. ಒಳಗೆ ಏನಿದೆ ಅಂತ ಯಾರು ಬೇಕಾದರೂ ಬಿಚ್ಚಿ ನೋಡಬಹುದು. ನಮ್ಮಂಥ ಸಣ್ಣ ಊರಿನ ಕಂಪನಿಗಳು ನಡೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಇವತ್ತು ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಬೇಸಿಗೆಯ ಕೊನೆ. ಸಂಜೆ ಜೋರು ಗಾಳಿ ಬೀಸಿ ನಿಟುವಳ್ಳಿ ಕಡೆ ಕರೆಂಟ್ ಹೋಯಿತು. ಎಂಟು ಗಂಟೆ ಹೊತ್ತಿಗೆ ವಾಪಸ್ ಬಂತು. ಕರೆಂಟ್ ಬಂದ ಐದೇ ನಿಮಿಷಕ್ಕೆ ನಮ್ಮ ಫೋನ್ ಬಡಿದುಕೊಳ್ಳಲು ಶುರುವಾಯಿತು. "ರೀ, ಕರೆಂಟ್ ಬಂತು, ನೆಟ್ ಬರ್ತಿಲ್ಲ." ಎಲ್ಲ ಫೋನೂ ಅದೇ ಏರಿಯಾದಿಂದ. ವಿದ್ಯಾನಗರದಿಂದ ಒಂದೂ ಇಲ್ಲ, ಪಿ.ಬಿ. ರೋಡ್ ಕಡೆಯಿಂದ ಒಂದೂ ಇಲ್ಲ. ಇನ್ನೇನು, ಕೊಂಬೆ ಬಿದ್ದು ಫೈಬರ್ ತುಂಡಾಗಿದೆ ಅಂದುಕೊಂಡೆವು. ಲೈನ್‌ಮನ್ ಹುಡುಗ ತುಂತುರು ಮಳೆಯಲ್ಲೇ ಬೈಕ್ ತೆಗೆದುಕೊಂಡು ಹೋದ. ಕಂಬ ಹತ್ತಿ, ಪೆಟ್ಟಿಗೆ ಬಿಚ್ಚಿ, ಮೀಟರ್ ಹಚ್ಚಿ ಫೋನ್ ಮಾಡಿದ. "ಅಣ್ಣಾ, ಲೈಟ್ ಚೆನ್ನಾಗಿದೆ. ಮೈನಸ್ 19 ತೋರಿಸ್ತಿದೆ. ತೊಂದರೆ ನಿಮ್ಮ ಕಡೆನೇ ಇದೆ ನೋಡಿ."

ಅವನು ಹೇಳಿದ್ದು ಸರಿ. ಆದರೆ ನಮ್ಮ ಕಡೆ ತೊಂದರೆ ಇದ್ದರೆ ಇಡೀ ಊರಿಗೆ ನೆಟ್ ಹೋಗಬೇಕಿತ್ತಲ್ವಾ?

ಇದು ಅರ್ಥವಾಗಬೇಕಾದರೆ ಒಂದು ಮಾತು ತಿಳಿದಿರಬೇಕು. ನಿಮ್ಮ ಡಬ್ಬಕ್ಕೆ ಕರೆಂಟ್ ಬಂದ ಕೂಡಲೇ ಅದು ನಿಮ್ಮ ಹೆಸರು, ಪಾಸ್‌ವರ್ಡ್ ಎರಡನ್ನೂ ನಮಗೆ ಕಳಿಸುತ್ತದೆ. ನಮ್ಮಲ್ಲಿ ರೇಡಿಯಸ್ ಅಂತ ಒಂದು ಸರ್ವರ್ ಇದೆ. ಅದು ಬಾಗಿಲು ಕಾಯುವವನ ಹಾಗೆ. ಡೇಟಾಬೇಸ್ ತೆಗೆದು ನೋಡುತ್ತದೆ: ಇವರು ನಮ್ಮ ಗಿರಾಕಿನಾ, ಈ ತಿಂಗಳ ದುಡ್ಡು ಕಟ್ಟಿದ್ದಾರಾ, ಎಷ್ಟು ಸ್ಪೀಡ್ ಕೊಡಬೇಕು? ಎಲ್ಲ ಸರಿ ಇದ್ದರೆ ಒಳಗೆ ಬಿಡುತ್ತದೆ. ಒಮ್ಮೆ ಒಳಗೆ ಬಂದವರನ್ನು, ಲೈನ್ ಕಡಿದು ಹೋಗುವ ತನಕ, ಮತ್ತೆ ಹೆಸರು ಕೇಳುವುದಿಲ್ಲ. ಅಂದರೆ ಬಾಗಿಲು ಕೆಟ್ಟು ನಿಂತರೂ ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಅವರು ಆರಾಮಾಗಿ ಐಪಿಎಲ್ ನೋಡುತ್ತಿರುತ್ತಾರೆ. ಕರೆಂಟ್ ಹೋಗಿ ಹೊರಗೆ ಬಿದ್ದವರಷ್ಟೇ ಬಾಗಿಲ ಮುಂದೆ ನಿಲ್ಲುತ್ತಾರೆ. ನಿಟುವಳ್ಳಿಯವರಿಗೆ ಆ ರಾತ್ರಿ ಆದದ್ದು ಇದು.

ಇನ್ನೊಂದು ತಪ್ಪೂ ನಡೆಯುತ್ತಿತ್ತು. ಬೇರೆ ಏರಿಯಾದಿಂದ ಯಾರೋ ಒಬ್ಬರು ನೆಟ್ ಸ್ಲೋ ಇದೆ ಅಂತ ಫೋನ್ ಮಾಡಿದರೆ ನಮ್ಮವರು ರೂಢಿಯಂತೆ ಹೇಳುತ್ತಿದ್ದರು, "ಒಂದು ಸಲ ಡಬ್ಬ ಆಫ್ ಮಾಡಿ ಆನ್ ಮಾಡಿ." ಅವರು ಪಾಪ, ಹೇಳಿದಂತೆ ಮಾಡಿದರು. ಒಳಗಿದ್ದವರನ್ನು ನಾವೇ ಹೊರಗೆ ಕಳಿಸಿದ ಹಾಗಾಯಿತು.

ನಾನೂ ಅದೇ ಮಾಡಿದೆ. ರೇಡಿಯಸ್ ರೀಸ್ಟಾರ್ಟ್ ಮಾಡಿದೆ. ಹತ್ತಿಪ್ಪತ್ತು ಜನ ಒಳಗೆ ಬಂದರು, ಮತ್ತೆ ನಿಂತುಹೋಯಿತು. ಇನ್ನೊಮ್ಮೆ ಮಾಡಿದೆ. ಮತ್ತೆ ಅಷ್ಟೇ. ಅರ್ಧ ಗಂಟೆ ಹೀಗೇ ಹೋಯಿತು. ಆಮೇಲೆ ಕೀಬೋರ್ಡಿನಿಂದ ಕೈ ತೆಗೆದು ಲಾಗ್ ಓದಲು ಕೂತೆ. ಮೊದಲೇ ಮಾಡಬೇಕಿದ್ದ ಕೆಲಸ ಅದು.

ಲಾಗ್ ಅಂದರೆ ಸರ್ವರ್ ಬರೆದುಕೊಳ್ಳುವ ದಿನಚರಿ. ಯಾರು ಬಂದರು, ಎಷ್ಟು ಹೊತ್ತಿಗೆ, ಏನು ತೊಂದರೆ, ಎಲ್ಲ ಸಾಲು ಸಾಲಾಗಿ ಬರೆದಿಡುತ್ತದೆ. ಅವತ್ತು ಕೊನೆಯ ಸಾಲಿನ ಮುಂದೆ ಇದ್ದ ಟೈಮ್ ಏಳು ಗಂಟೆ ಹತ್ತು ನಿಮಿಷ. ಗೋಡೆ ಗಡಿಯಾರದಲ್ಲಿ ಆಗ ಎಂಟೂಮುಕ್ಕಾಲು. ಸೆಕೆಂಡಿಗೆ ಹತ್ತು ಸಾಲು ಬರೆಯುವ ಸರ್ವರ್ ಒಂದೂವರೆ ಗಂಟೆ ಬಾಯಿ ಮುಚ್ಚಿಕೊಂಡಿದೆ. ಓಡುತ್ತಿದೆ, ಆದರೆ ಬರೆಯುತ್ತಿಲ್ಲ. ಯಾಕೆ? ಬರೆಯಲು ಜಾಗ ಇಲ್ಲ, ಅದಕ್ಕೆ. ಡಿಎಫ್ ಮೈನಸ್ ಎಚ್ ಅಂತ ಒಂದು ಕಮಾಂಡ್ ಇದೆ, ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುತ್ತದೆ. ಒತ್ತಿದೆ. ನೂರಕ್ಕೆ ನೂರು. ಅದೇ ಡಿಸ್ಕಿನಲ್ಲಿ ಡೇಟಾಬೇಸೂ ಇತ್ತು. ಜಾಗ ಇಲ್ಲದೆ ಅದು ಕಾಯುತ್ತಾ ಕೂತಿತ್ತು. ಡೇಟಾಬೇಸಿನ ಉತ್ತರಕ್ಕೆ ರೇಡಿಯಸ್ ಕಾಯುತ್ತಿತ್ತು. ರೇಡಿಯಸ್ ಉತ್ತರಕ್ಕೆ ನಿಟುವಳ್ಳಿ ಕಾಯುತ್ತಿತ್ತು. ಕರೆಂಟ್ ಹೋಗಿದ್ದು ಏಳೂವರೆ ದಾಟಿದ ಮೇಲೆ. ಡಿಸ್ಕ್ ತುಂಬಿದ್ದು ಅದಕ್ಕೂ ಮುಂಚೆ. ಗಾಳಿದ್ದೂ ತಪ್ಪಿಲ್ಲ, ಕೊಂಬೆದ್ದೂ ತಪ್ಪಿಲ್ಲ.

ಹುಡುಕಿದರೆ ಒಂದೇ ಒಂದು ಲಾಗ್ ಫೈಲ್, 40 ಜಿಬಿ ಮೀರಿ ಬೆಳೆದಿತ್ತು. ಅಳಿಸಿದೆ. ಮತ್ತೆ ಡಿಎಫ್ ಒತ್ತಿದೆ. ಆಗಲೂ ನೂರಕ್ಕೆ ನೂರು! ಹೊಸದಾಗಿ ಈ ಕೆಲಸಕ್ಕೆ ಬಂದವರು ಇಲ್ಲೇ ಗಾಬರಿ ಬೀಳುತ್ತಾರೆ. ಲಿನಕ್ಸಿನಲ್ಲಿ ಫೈಲಿನ ಹೆಸರು ಬೇರೆ, ಫೈಲ್ ಬೇರೆ. ಮನೆ ಮುಂದಿನ ಬೋರ್ಡ್ ಕಿತ್ತ ಮಾತ್ರಕ್ಕೆ ಬಾಡಿಗೆಯವರು ಖಾಲಿ ಮಾಡಿದ ಹಾಗಲ್ಲ. ಆ ಫೈಲನ್ನು ತೆರೆದುಕೊಂಡಿರುವ ಪ್ರೋಗ್ರಾಂ ಅದನ್ನು ಬಿಡುವ ತನಕ ಜಾಗ ವಾಪಸ್ ಬರುವುದಿಲ್ಲ. ಯಾವ ಪ್ರೋಗ್ರಾಂ ಹಿಡಿದುಕೊಂಡಿದೆ ಅಂತ ಎಲ್‌ಎಸ್‌ಒಎಫ್ ಕಮಾಂಡ್ ತೋರಿಸುತ್ತದೆ. ವೆಬ್‌ಸೈಟಿನ ಹೆಸರು ಕೇಳಿದರೆ ಅದರ ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್ ಹಿಡಿದುಕೊಂಡಿತ್ತು. ಅದೊಂದನ್ನೇ ರೀಸ್ಟಾರ್ಟ್ ಮಾಡಿದೆ. ಜಾಗ ಬಿಡುಗಡೆಯಾಯಿತು. ಜಾಗ ಆಯಿತಾ ಅಂತ ನಿಮಿಷಕ್ಕೊಮ್ಮೆ ನೋಡುತ್ತಾ ಕೂತಿದ್ದ ಡೇಟಾಬೇಸ್ ತಾನಾಗಿ ಎದ್ದಿತು. ಸ್ಕ್ರೀನ್ ಮೇಲೆ ಗಿರಾಕಿಗಳ ಲೆಕ್ಕ ಏರತೊಡಗಿತು. ಫೋನ್ ಸುಮ್ಮನಾಯಿತು.

ಆ ಫೈಲ್ ಅಷ್ಟು ಬೆಳೆದದ್ದು ಯಾಕೆ? ಒಂಬತ್ತು ದಿನದ ಹಿಂದೆ ಒಬ್ಬ ಗಿರಾಕಿಗೆ ಒಂದು ವೆಬ್‌ಸೈಟ್ ತೆರೆಯುತ್ತಿರಲಿಲ್ಲ. ಅದನ್ನು ಹುಡುಕಲು, ಬರುವ ಪ್ರತಿಯೊಂದು ಪ್ರಶ್ನೆಯನ್ನೂ ಬರೆದುಕೋ ಅಂತ ಡಿಎನ್‌ಎಸ್ ಸರ್ವರಿಗೆ ನಾನೇ ಹೇಳಿದ್ದೆ. ಸಮಸ್ಯೆ ಸಿಕ್ಕಿತು, ಸರಿ ಮಾಡಿದೆ. ಬರೆಯುವುದನ್ನು ನಿಲ್ಲಿಸು ಅಂತ ಹೇಳಲು ಮರೆತೆ. ಈಗ ನಮ್ಮಲ್ಲಿ ಲಾಗಿಗೇ ಬೇರೆ ಡಿಸ್ಕ್ ಇದೆ, ದಿನಾ ಹಳೆಯದನ್ನು ಕಟ್ಟಿಡುವ ಏರ್ಪಾಡಿದೆ, 80 ಪರ್ಸೆಂಟ್ ತುಂಬಿದರೆ ನನ್ನ ಫೋನಿಗೆ ಮೆಸೇಜ್ ಬರುತ್ತದೆ. ಏನಾದರೂ ಆನ್ ಮಾಡಿದರೆ ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲೇ ಬರೆಯುತ್ತೇನೆ, ಆಫ್ ಮಾಡಿದ ಮೇಲೆ ಹೊಡೆದುಹಾಕುತ್ತೇನೆ.

ನಮ್ಮ ಕಡೆ ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಗದ್ದೆಗೆ ನೀರು ಬರಲಿಲ್ಲ ಅಂದರೆ ನಾಲೆ ಹಿಡಿದು ನಡೆಯಬೇಕು. ಇಲ್ಲಿ ತನಕ ಇದೆ, ಇಲ್ಲಿಂದ ಮುಂದೆ ಇಲ್ಲ ಅನ್ನುವ ಜಾಗ ಸಿಗಬೇಕು. ನಮ್ಮದೂ ಹಾಗೇ. ಡಬ್ಬಕ್ಕೆ ಲೈಟ್ ಇದೆಯಾ, ಲಾಗಿನ್ ಆಗಿದೆಯಾ, ಐಪಿ ವಿಳಾಸ ಸಿಕ್ಕಿದೆಯಾ, ಹೆಸರು ಕೇಳಿದರೆ ಡಿಎನ್‌ಎಸ್ ಉತ್ತರ ಕೊಡುತ್ತಿದೆಯಾ ಅಂತ ನೋಡುತ್ತಾ ಹೋಗುವುದು.

ಐಪಿ ವಿಳಾಸ ಅಂದೆನಲ್ಲ, ಇಂಟರ್‌ನೆಟ್ಟಿನಲ್ಲಿ ಅದು ಮನೆ ನಂಬರಿನ ಹಾಗೆ. ಅದರದ್ದೂ ಒಂದು ಕಷ್ಟ ಇದೆ. ಹಳೆಯ ಐಪಿವಿ4 ಪದ್ಧತಿಯಲ್ಲಿ ಇಡೀ ಜಗತ್ತಿಗೆ ಸುಮಾರು 430 ಕೋಟಿ ವಿಳಾಸ ಮಾತ್ರ. ಏಷ್ಯಾ ಪೆಸಿಫಿಕ್ ಭಾಗದಲ್ಲಿ ಮುಕ್ತವಾಗಿ ಹಂಚುವಷ್ಟು ದಾಸ್ತಾನು 2011ರ ಏಪ್ರಿಲ್‌ನಲ್ಲೇ ಮುಗಿಯಿತು. ಹಾಗಾಗಿ ನಮ್ಮಂಥವರು ಒಂದು ವಿಳಾಸವನ್ನು ಹತ್ತಾರು ಮನೆಗೆ ಹಂಚುತ್ತೇವೆ. ಯಾವ ಮನೆ ಯಾವ ಹೊತ್ತಿನಲ್ಲಿ ಯಾವ ವಿಳಾಸ ಬಳಸಿತು ಅಂತ ದಾಖಲೆ ಇಡುತ್ತೇವೆ. ನಾಳೆ ಯಾರಿಗೋ ಆನ್‌ಲೈನಿನಲ್ಲಿ ಮೋಸ ಆಗಿ ಪೊಲೀಸರು ಕೇಳಿದರೆ ಆ ದಾಖಲೆ ನೋಡಿಯೇ ಉತ್ತರ ಕೊಡಬೇಕು. ಈಗ ಯೋಚನೆ ಮಾಡಿ, ಸರ್ವರಿನ ಗಡಿಯಾರ ಐದು ನಿಮಿಷ ಹಿಂದಿದ್ದರೆ? ಏನೂ ಅರಿಯದ ಪಕ್ಕದ ಮನೆಯವರ ಹೆಸರು ಬರಬಹುದು. ಯಾರದೋ ಅಜ್ಜನ ಮನೆಗೆ ಪೊಲೀಸರು ಹೋಗಬಹುದು. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಲ್ಲಿ, ಸರ್ವರ್ ಗಡಿಯಾರಗಳನ್ನು ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಳ್ಳಿ ಅಂತ ಇದೆ. ಸರ್ಕಾರದ ಕಾಗದ ಬಂತು ಅಂತ ಮಾಡುವ ಕೆಲಸ ಅಲ್ಲ ಇದು. ಬೆಳಿಗ್ಗೆ ಬಂದು ಕೂತ ಕೂಡಲೇ ನಾನು ಮೊದಲು ನೋಡುವುದು ನಾಲ್ಕೂ ಸರ್ವರಿನ ಟೈಮನ್ನೇ.

ಇದೇ ಹಂಚುವಿಕೆಯಿಂದ ರಾತ್ರಿ ಹೊತ್ತು ಇನ್ನೊಂದು ತೊಂದರೆ. ಪ್ರತಿಯೊಂದು ಸಂಪರ್ಕವನ್ನೂ ಲಿನಕ್ಸ್ ಒಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಮುಗಿಸದೆ ಬಿಟ್ಟುಹೋದ ಸಂಪರ್ಕವನ್ನು, ನಾವು ಬದಲಾಯಿಸದಿದ್ದರೆ, ಐದು ದಿನ ಹಾಗೇ ಇಟ್ಟುಕೊಂಡಿರುತ್ತದೆ. ಪಟ್ಟಿ ತುಂಬಿದರೆ ಹೊಸಬರಿಗೆ ಜಾಗ ಇಲ್ಲ. ಅರ್ಧ ಜನಕ್ಕೆ ನೆಟ್ ಬರುತ್ತದೆ, ಅರ್ಧ ಜನಕ್ಕೆ ಇಲ್ಲ. ಪಟ್ಟಿ ತುಂಬಿದೆ, ಪ್ಯಾಕೆಟ್, ಅಂದರೆ ಬಂದ ಡೇಟಾದ ತುಣುಕು, ಎಸೆಯುತ್ತಿದ್ದೇನೆ ಅಂತ ಲಿನಕ್ಸಿನ ತಿರುಳಾದ ಕರ್ನಲ್ ಸ್ಪಷ್ಟವಾಗಿ ಹೇಳಿರುತ್ತದೆ. ಓದದೆ ರೀಬೂಟ್ ಮಾಡಿದರೆ ಪಟ್ಟಿ ಖಾಲಿಯಾಗಿ ನೆಟ್ ಬರುತ್ತದೆ, ಕರ್ನಲ್ ತನ್ನ ನೆನಪಿನಲ್ಲಿ ಇಟ್ಟುಕೊಂಡಿದ್ದ ಮಾತೂ ಅದರ ಜೊತೆ ಹೋಗುತ್ತದೆ. ನಾಳೆ ರಾತ್ರಿ ಮತ್ತೆ ಅದೇ ಗೋಳು.

ಕೊನೆಗೆ ನಿಮ್ಮ ಹತ್ತಿರ ಒಂದು ಕೋರಿಕೆ. ನೆಟ್ ಹೋದಾಗ, ಫೋನ್ ಮಾಡುವ ಮುಂಚೆ, ಡಬ್ಬ ಆಫ್ ಮಾಡುವುದಕ್ಕೂ ಮುಂಚೆ, ಅದರ ಮೇಲಿನ ದೀಪ ನೋಡಿ. ಎಲ್‌ಒಎಸ್ ಅಂತ ಬರೆದ ಕಡೆ ಕೆಂಪು ದೀಪ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ. ಅದು ಲೈನ್‌ಮನ್ ಕೆಲಸ. ಪಿಒಎನ್ ದೀಪ ಅಲುಗಾಡದೆ ಹಸಿರಾಗಿ ಉರಿಯುತ್ತಿದ್ದೂ ನೆಟ್ ಇಲ್ಲ ಅಂದರೆ, ಮಳೆಯಲ್ಲಿ ಆ ಹುಡುಗ ಕಂಬ ಹತ್ತುವುದು ಬೇಕಿಲ್ಲ. "ದೀಪ ಹಸಿರಿದೆ, ನೆಟ್ ಇಲ್ಲ" ಅಂತ ಅಷ್ಟು ಹೇಳಿದರೆ ಸಾಕು. ನಾನು ಲಾಗ್ ತೆಗೆದು ನೋಡುತ್ತೇನೆ.

ನಮಸ್ಕಾರ.