ಮೂವತ್ತನೇ ನಂಬರಿನ ಜೆರ್ಸಿ: ಸ್ಟೀಫನ್ ಕರ್ರಿ ಮತ್ತು ಅವನ ಕಾಲೇಜು

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಮೊದಲ ಪಂದ್ಯ ಆಡಬೇಕಾದ ಮಕ್ಕಳೂ ಇಲ್ಲಿ ಕೂತಿದ್ದೀರಿ. ಬೇಗ ಮಲಗಬೇಕು, ಹಾಗಾಗಿ ಪೀಠಿಕೆ ಬೇಡ. ಕಾಲೇಜು ಕ್ರೀಡೆಯ ಬಗ್ಗೆ ಏನಾದರೂ ಹೇಳಿ ಎಂದು ಸಂಘಟಕರು ಕರೆದಾಗ, ಒಬ್ಬ ಆಟಗಾರ ಮತ್ತು ಒಂದು ಕಾಲೇಜು, ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತೇನೆ ಎಂದು ಮೊದಲೇ ಹೇಳಿದ್ದೆ.

ಆಟಗಾರ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಸ್ಟೀಫನ್ ಕರ್ರಿ. ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ನಾಲ್ಕು ಚಾಂಪಿಯನ್‌ಶಿಪ್, ಪ್ಯಾರಿಸ್ ಒಲಿಂಪಿಕ್ಸ್‌ನ ಚಿನ್ನ, ಮೂರು ಪಾಯಿಂಟ್ ಗೆರೆಯ ಆಚೆಯಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಬಾಸ್ಕೆಟ್. ಇವೆಲ್ಲ ನಿಮ್ಮ ಫೋನಿನಲ್ಲೇ ಇವೆ, ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಹೇಳಲು ಬಂದಿರುವುದು ಅದಕ್ಕೆ ಮುಂಚಿನ ಮೂರು ವರ್ಷಗಳ ಕಥೆ, 2006ರಿಂದ 2009ರವರೆಗಿನದು. ಆ ಮೂರು ವರ್ಷದ ಋಣ ಇವತ್ತಿಗೂ ಎರಡೂ ಕಡೆಯಿಂದ ತೀರಿಲ್ಲ.

ಕಾಲೇಜಿನ ಹೆಸರು ಡೇವಿಡ್ಸನ್. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ, ಷಾರ್ಲೆಟ್ ನಗರದಿಂದ ಉತ್ತರಕ್ಕೆ ಮೂವತ್ತು ಕಿಲೋಮೀಟರ್ ದಾಟಿದರೆ ಸಿಗುವ ಪುಟ್ಟ ಊರು. 1837ರಲ್ಲಿ ಶುರುವಾದ ಸಂಸ್ಥೆ. ಕರ್ರಿ ಓದುತ್ತಿದ್ದಾಗ ಅಲ್ಲಿದ್ದ ವಿದ್ಯಾರ್ಥಿಗಳು ಸುಮಾರು 1,700. ನಮ್ಮ ಎಷ್ಟೋ ತಾಲ್ಲೂಕು ಕೇಂದ್ರಗಳ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಷ್ಟು ಮಕ್ಕಳಿದ್ದಾರೆ. ಪರೀಕ್ಷೆಗೆ ಮೇಲ್ವಿಚಾರಕರಿಲ್ಲದೆ, ಮಕ್ಕಳ ಮಾತಿನ ಮೇಲೆ ನಂಬಿಕೆಯಿಟ್ಟು ನಡೆಯುವ ಕಾಲೇಜು ಅದು. ಅದೇ ರಾಜ್ಯದಲ್ಲಿ ಡ್ಯೂಕ್ ಇದೆ, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ ಇದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವು ದೊಡ್ಡ ಆಲದ ಮರಗಳು. ಡೇವಿಡ್ಸನ್‌ಗೂ ಒಂದು ಕಾಲ ಇತ್ತು. ಅರವತ್ತರ ದಶಕದಲ್ಲಿ ಲೆಫ್ಟಿ ಡ್ರಿಸೆಲ್ ಎಂಬ ಕೋಚ್ ಇದ್ದಾಗ 1968 ಮತ್ತು 1969ರಲ್ಲಿ ತಂಡ ಎನ್‌ಸಿಎಎ ಟೂರ್ನಿಯ, ಅಂದರೆ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯ, ಕೊನೆಯ ಎಂಟರವರೆಗೆ ಹೋಗಿತ್ತು. ಆಮೇಲೆ ಸುಮಾರು ನಲವತ್ತು ವರ್ಷ ಆ ಟೂರ್ನಿಯಲ್ಲಿ ಒಂದೂ ಗೆಲುವಿಲ್ಲ.

ಕರ್ರಿ ಅಲ್ಲಿಗೆ ಬಂದದ್ದು ಬೇರೆಯವರು ಬೇಡ ಎಂದಿದ್ದರಿಂದ. ಅಪ್ಪ ಡೆಲ್ ಕರ್ರಿ ಎನ್‌ಬಿಎ ಆಟಗಾರ, ಷಾರ್ಲೆಟ್ ಹಾರ್ನೆಟ್ಸ್‌ನ ಹೆಸರಾಂತ ಶೂಟರ್. ಅಪ್ಪ ಅಮ್ಮ ಇಬ್ಬರೂ ವರ್ಜೀನಿಯಾ ಟೆಕ್ ಪರವಾಗಿ ಆಡಿದವರು, ಅಮ್ಮ ವಾಲಿಬಾಲ್. ಆ ವಿಶ್ವವಿದ್ಯಾಲಯ ಕೂಡ ಮಗನಿಗೆ ಸ್ಕಾಲರ್‌ಶಿಪ್ ಕೊಡಲಿಲ್ಲ. ಬೇಕಾದರೆ ಖರ್ಚು ನೀವೇ ಹಾಕಿಕೊಂಡು ಬಂದು ತಂಡದಲ್ಲಿರಿ ಎಂದಿತು. ಹುಡುಗ ಸಣಕಲು, ಎತ್ತರ ಸಾಲದು ಎಂಬುದು ಎಲ್ಲರ ತೀರ್ಮಾನ. ಹೈಸ್ಕೂಲಿನಲ್ಲಿ ಅವನು ಚೆಂಡನ್ನು ಸೊಂಟದ ಹತ್ತಿರದಿಂದ ಎತ್ತಿ ಎಸೆಯುತ್ತಿದ್ದ. ಎತ್ತರದವರ ಮುಂದೆ ಅದು ನಡೆಯುವುದಿಲ್ಲ ಎಂದು ಒಂದು ಬೇಸಿಗೆಯಿಡೀ ಅಪ್ಪ ಮನೆಯಂಗಳದಲ್ಲಿ ನಿಲ್ಲಿಸಿಕೊಂಡು, ಹಣೆಯ ಮೇಲಿನಿಂದ ಎಸೆಯುವುದನ್ನು ಮೊದಲಿನಿಂದ ಕಲಿಸಿದರು. ಆ ಬೇಸಿಗೆಯಲ್ಲಿ ರಿಂಗ್‌ನಿಂದ ಸ್ವಲ್ಪ ದೂರ ಹೋದರೂ ಅವನಿಗೆ ಚೆಂಡು ಬೀಳುತ್ತಿರಲಿಲ್ಲ. ಶಾಟ್ ತಿದ್ದಿಕೊಳ್ಳಲು ಹೆದರುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅವರಿಗೆಲ್ಲ ಹೇಳುವುದು ಈ ಬೇಸಿಗೆಯ ಕಥೆಯನ್ನೇ.

ಡೇವಿಡ್ಸನ್ ಕೋಚ್ ಬಾಬ್ ಮೆಕಿಲಪ್ ಅವನನ್ನು ಆರಿಸಿದ ರೀತಿ ನನಗೆ ಎಲ್ಲಕ್ಕಿಂತ ಇಷ್ಟ. ಲಾಸ್ ವೇಗಸ್‌ನ ಒಂದು ಟೂರ್ನಿಯಲ್ಲಿ ಅವರು ಹುಡುಗನ ಆಟ ನೋಡಲು ಹೋಗಿದ್ದರು. ಅಂದು ಕರ್ರಿ ತೀರಾ ಕೆಟ್ಟದಾಗಿ ಆಡಿದ. ಪಾಸ್ ಹೊರಗೆ ಹೋಯಿತು, ಶಾಟ್ ಬೀಳಲಿಲ್ಲ, ಚೆಂಡು ಕೈಜಾರಿತು. ಮೆಕಿಲಪ್ ನೋಡಿದ್ದು ಬೇರೆಯದನ್ನು. ಹುಡುಗ ರೆಫ್ರಿಯ ಕಡೆ ಕೈ ತೋರಿಸಲಿಲ್ಲ, ಜೊತೆಯವರ ಮೇಲೆ ರೇಗಲಿಲ್ಲ, ಬೆಂಚಿನಲ್ಲಿ ಕೂತಾಗಲೂ ತನ್ನವರಿಗೆ ಚಪ್ಪಾಳೆ ಹೊಡೆಯುತ್ತಿದ್ದ, ಕೋಚ್ ಮಾತಾಡುವಾಗ ಅವರ ಕಣ್ಣು ನೋಡುತ್ತಿದ್ದ. ಅಂದೇ ಅವರು ನಿರ್ಧರಿಸಿದರು. ಇಲ್ಲಿರುವ ದೈಹಿಕ ಶಿಕ್ಷಣ ನಿರ್ದೇಶಕ ಮಿತ್ರರು ದಯವಿಟ್ಟು ಯೋಚಿಸಿ, ಆಯ್ಕೆ ಶಿಬಿರದಲ್ಲಿ ನಾವು ಇದನ್ನು ಎಲ್ಲಿ ಬರೆದುಕೊಳ್ಳುತ್ತೇವೆ? ನಮ್ಮ ಹಾಳೆಯಲ್ಲಿ ಎತ್ತರಕ್ಕೆ ಒಂದು ಕಾಲಂ ಇದೆ, ಓಟಕ್ಕೆ ಒಂದು ಇದೆ.

2006ರ ನವೆಂಬರ್. ಕಾಲೇಜಿಗೆ ಬಂದ ಮೇಲಿನ ಮೊದಲ ಪಂದ್ಯ, ಈಸ್ಟರ್ನ್ ಮಿಷಿಗನ್ ವಿರುದ್ಧ. ಕರ್ರಿ 13 ಸಲ ಚೆಂಡು ಕಳೆದುಕೊಂಡ. ಹದಿಮೂರು ಟರ್ನೋವರ್! ನಾನಾಗಿದ್ದರೆ ಮಾರನೆಯ ದಿನ ಅವನನ್ನು ಕೂರಿಸುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಮೆಕಿಲಪ್ ಮತ್ತೆ ಮೊದಲ ಐವರಲ್ಲೇ ಇಳಿಸಿದರು. ಎದುರಾಳಿ ಮಿಷಿಗನ್ ವಿಶ್ವವಿದ್ಯಾಲಯ. ಕರ್ರಿ 32 ಪಾಯಿಂಟ್ ಗಳಿಸಿದ. ಆ ವರ್ಷ ಮುಗಿಯುವ ಹೊತ್ತಿಗೆ ದೇಶದ ಮೊದಲ ವರ್ಷದ ವಿದ್ಯಾರ್ಥಿಗಳ ಪೈಕಿ ಅವನಿಗಿಂತ ಹೆಚ್ಚು ಸರಾಸರಿ ಇದ್ದದ್ದು ಒಬ್ಬನಿಗೆ ಮಾತ್ರ, ಟೆಕ್ಸಾಸ್‌ನ ಕೆವಿನ್ ಡುರಾಂಟ್‌ಗೆ.

ಎರಡನೆಯ ವರ್ಷವೇ ಎಲ್ಲರ ನೆನಪಿನಲ್ಲಿರುವುದು. ಅದು ಶುರುವಾದ ಬಗೆ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಮೆಕಿಲಪ್ ಬೇಕೆಂದೇ ದೊಡ್ಡ ತಂಡಗಳ ಜೊತೆ ಪಂದ್ಯ ಹಾಕಿಕೊಂಡರು. ನಾರ್ತ್ ಕೆರೊಲಿನಾ ಎದುರು ನಾಲ್ಕು ಪಾಯಿಂಟ್‌ಗಳಿಂದ ಸೋತರು, ಡ್ಯೂಕ್ ಎದುರು ಆರರಿಂದ, ಯುಸಿಎಲ್‌ಎ ಎದುರೂ ಸೋತರು. ಮೊದಲ ಹತ್ತು ಪಂದ್ಯಗಳಲ್ಲಿ ಆರು ಸೋಲು. ನಂತರ ಆ ತಂಡ ಮೂರು ತಿಂಗಳು ಸೋಲಲಿಲ್ಲ. ಸದರ್ನ್ ಕಾನ್ಫರೆನ್ಸ್ ಎಂಬ ತಮ್ಮ ಕಾಲೇಜುಗಳ ಗುಂಪಿನಲ್ಲಿ ಲೀಗ್‌ನ ಇಪ್ಪತ್ತಕ್ಕೆ ಇಪ್ಪತ್ತೂ ಗೆದ್ದರು.

2008ರ ಮಾರ್ಚ್‌ನಲ್ಲಿ ಎನ್‌ಸಿಎಎ ಟೂರ್ನಿ. ಗೊನ್ಜಾಗಾ ಎದುರು ಕರ್ರಿ 40 ಪಾಯಿಂಟ್. ಮೂರರ ಗೆರೆಯಾಚೆಯಿಂದ ಹತ್ತು ಎಸೆದು ಎಂಟು ಹಾಕಿದ. 1969ರ ನಂತರ ಆ ಟೂರ್ನಿಯಲ್ಲಿ ಡೇವಿಡ್ಸನ್‌ನ ಮೊದಲ ಗೆಲುವು. ಎರಡು ದಿನ ಬಿಟ್ಟು ಜಾರ್ಜ್‌ಟೌನ್. ಏಳಡಿ ದಾಟಿದ ರಾಯ್ ಹಿಬರ್ಟ್ ಇದ್ದ ತಂಡ. ಅರ್ಧ ಆಟ ಮುಗಿದಾಗ ಕರ್ರಿಯ ಹೆಸರಿನಲ್ಲಿದ್ದದ್ದು ಐದೇ ಪಾಯಿಂಟ್. ತಂಡ 17 ಪಾಯಿಂಟ್ ಹಿಂದೆ ಬಿತ್ತು. ಅಲ್ಲಿಂದ ಅವನು ಇನ್ನೂ 25 ಸೇರಿಸಿದ, 74-70ರಲ್ಲಿ ಗೆದ್ದರು. ಮುಂದಿನ ಸುತ್ತು ಡೆಟ್ರಾಯಿಟ್‌ನಲ್ಲಿ, ವಿಸ್ಕಾನ್ಸಿನ್ ಎದುರು. ಆಗ ಕಾಲೇಜಿನ ಆಡಳಿತ ಮಂಡಳಿ ಒಂದು ಕೆಲಸ ಮಾಡಿತು: ಬರುವ ಮನಸ್ಸಿರುವ ವಿದ್ಯಾರ್ಥಿಗಳಿಗೆಲ್ಲ ಬಸ್ಸು, ಟಿಕೆಟ್, ಉಳಿಯಲು ಕೋಣೆ, ಎಲ್ಲದರ ಖರ್ಚನ್ನೂ ತಾವೇ ಹೊತ್ತರು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಮಕ್ಕಳ ಮುಂದೆ ಕರ್ರಿ 33 ಪಾಯಿಂಟ್ ಗಳಿಸಿದ. ಎನ್‌ಬಿಎ ತಾರೆ ಲೆಬ್ರಾನ್ ಜೇಮ್ಸ್ ಕೂಡ ಅಂದು ನೋಡಲು ಬಂದಿದ್ದರು.

ಕೊನೆಗೆ ಕ್ಯಾನ್ಸಸ್. 59-57. ಎರಡು ಪಾಯಿಂಟ್ ಹಿಂದಿದ್ದಾಗ ಕೊನೆಯ ಚೆಂಡು ಕರ್ರಿಯ ಕೈಯಲ್ಲಿತ್ತು. ಇಬ್ಬರು ಮುತ್ತಿದರು. ಅವನು ಜೇಸನ್ ರಿಚರ್ಡ್ಸ್‌ಗೆ ಪಾಸ್ ಕೊಟ್ಟ. ರಿಚರ್ಡ್ಸ್ ದೂರದಿಂದ ಎಸೆದದ್ದು ಬೀಳಲಿಲ್ಲ. ಮೆಕಿಲಪ್ ಗೆರೆಯ ಪಕ್ಕದಲ್ಲಿ ಮಂಡಿಯೂರಿ ಕುಸಿದರು. ಕ್ಯಾನ್ಸಸ್ ಮುಂದೆ ಆ ವರ್ಷದ ಚಾಂಪಿಯನ್ ಆಯಿತು.

ಆ ಕೊನೆಯ ಪಾಸ್ ಬಗ್ಗೆ ಜನ ಇನ್ನೂ ವಾದ ಮಾಡುತ್ತಾರೆ, ಅವನೇ ಎಸೆಯಬೇಕಿತ್ತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ವರ್ಷ ಇಡೀ ದೇಶದಲ್ಲಿ ಅತಿ ಹೆಚ್ಚು ಅಸಿಸ್ಟ್, ಅಂದರೆ ನೇರ ಬಾಸ್ಕೆಟ್‌ಗೆ ದಾರಿಯಾಗುವ ಪಾಸ್, ಕೊಟ್ಟವನು ಅದೇ ರಿಚರ್ಡ್ಸ್. ಕರ್ರಿ ಆ ಋತುವಿನಲ್ಲಿ ಹಾಕಿದ ಮೂರು ಪಾಯಿಂಟ್ ಶಾಟ್‌ಗಳು 162, ಆಗ ಎನ್‌ಸಿಎಎ ದಾಖಲೆ. ಅದರಲ್ಲಿ ಎಷ್ಟೋ ಚೆಂಡು ರಿಚರ್ಡ್ಸ್ ಕೈಯಿಂದ ಬಂದವು. ವರ್ಷವಿಡೀ ತನಗೆ ಚೆಂಡು ಕೊಟ್ಟವನು ಖಾಲಿ ನಿಂತಿದ್ದಾಗ ಅವನಿಗೆ ಕೊಡುವುದೇ ಸರಿಯಾದ ಆಟ.

ಆ ತಂಡದ ಮಾತು ಮೂರು ಪದ: ನಂಬಿಕೆ, ಬದ್ಧತೆ, ಕಾಳಜಿ. ಇಂಗ್ಲಿಷಿನಲ್ಲಿ ಅವುಗಳ ಮೊದಲಕ್ಷರ ಟಿಸಿಸಿ. ಕರ್ರಿ ಅದನ್ನು ಮಣಿಕಟ್ಟಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾನೆ.

ಮೂರನೆಯ ವರ್ಷದ ಒಂದು ಪಂದ್ಯ ಮಾತ್ರ ಹೇಳುತ್ತೇನೆ, ಶೂಟರ್ ಎಂದರೆ ಏನು ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಅದು. ಆ ವರ್ಷ ಅವನು ಸರಾಸರಿ 28.6 ಪಾಯಿಂಟ್‌ಗಳೊಂದಿಗೆ ದೇಶಕ್ಕೇ ಮೊದಲಿಗ. 2008ರ ನವೆಂಬರ್‌ನಲ್ಲಿ ಮೇರಿಲ್ಯಾಂಡ್‌ನ ಲೊಯೊಲಾ ಕಾಲೇಜು ಅವನನ್ನು ತಡೆಯಲೇಬೇಕೆಂದು ಇಡೀ ಪಂದ್ಯ ಇಬ್ಬರನ್ನು ಅವನಿಗೆ ಅಂಟಿಸಿತು. ಕರ್ರಿ ಏನು ಮಾಡಿದ? ಹೋಗಿ ಮೂಲೆಯಲ್ಲಿ ನಿಂತ. ಇಬ್ಬರೂ ಅಲ್ಲೇ ನಿಂತರು. ಮಿಕ್ಕ ಅಂಗಳದಲ್ಲಿ ನಾಲ್ವರ ಎದುರು ಮೂವರು. ಡೇವಿಡ್ಸನ್ 78-48ರಲ್ಲಿ ಗೆದ್ದಿತು. ದೇಶದ ಅಗ್ರ ಸ್ಕೋರರ್ ಖಾತೆಯಲ್ಲಿ ಅಂದು ಸೊನ್ನೆ. ಚೆಂಡು ಮುಟ್ಟದೆಯೂ ಅವನು ಅಂಗಳವನ್ನು ಅಗಲ ಮಾಡಿದ. ಮುಂದೆ ಅವನ ಎನ್‌ಬಿಎ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಆಡಿದ ಆಟದಲ್ಲಿ, ಅಂದರೆ ನಿಲ್ಲದ ಓಟ, ಸ್ಕ್ರೀನ್ (ಎದುರಾಳಿಯ ದಾರಿಗೆ ಅಡ್ಡ ನಿಂತು ಜೊತೆಯವನಿಗೆ ಜಾಗ ಮಾಡಿಕೊಡುವುದು), ಒಬ್ಬ ಶೂಟರ್‌ಗೆ ಹೆದರಿ ಖಾಲಿಯಾಗುವ ರಿಂಗ್ ಕೆಳಗಿನ ಜಾಗ, ಇದರಲ್ಲೆಲ್ಲ ನನಗೆ ಮೆಕಿಲಪ್ ಅವರ ಅಂಗಳವೇ ಕಾಣುತ್ತದೆ. ಆಗ ಕಾಲೇಜು ಆಟದ ಮೂರು ಪಾಯಿಂಟ್ ಗೆರೆ ರಿಂಗ್‌ನಿಂದ ಆರು ಮೀಟರ್ ಚಿಲ್ಲರೆ ಇತ್ತು, ಅವನ ಮೂರನೇ ವರ್ಷದಲ್ಲಿ ಒಂದಡಿ ಹಿಂದೆ ಸರಿಸಿದರು. ನೀವು ನಾಳೆ ಎಸೆಯುವುದು ಆರೂ ಮುಕ್ಕಾಲರಿಂದ. ಈಗ ಅಲ್ಲಿನ ಕಾಲೇಜುಗಳಲ್ಲೂ ಅಷ್ಟೇ.

2009ರಲ್ಲಿ ಅವನು ಎನ್‌ಬಿಎಗೆ ಹೋದ. 2,635 ಪಾಯಿಂಟ್, ಕಾಲೇಜಿನ ಇತಿಹಾಸದಲ್ಲೇ ಅತಿ ಹೆಚ್ಚು. ಆಮೇಲೆ ಡೇವಿಡ್ಸನ್ ಏನಾಯಿತು? ಇಲ್ಲಿ ಇದ್ದದ್ದು ಇದ್ದಂತೆ ಹೇಳಬೇಕು. 2012, 2013, 2015, 2018, 2022, ಈ ಐದು ವರ್ಷ ತಂಡ ಎನ್‌ಸಿಎಎ ಟೂರ್ನಿಗೆ ಹೋಯಿತು, ಐದೂ ಸಲ ಮೊದಲ ಪಂದ್ಯದಲ್ಲೇ ಸೋತಿತು. ಎರಡು ಸಲ ಒಂದೇ ಒಂದು ಪಾಯಿಂಟ್‌ನಿಂದ. ಒಬ್ಬ ಮಹಾ ಆಟಗಾರ ಬಂದುಹೋದರೆ ಕಾಲೇಜು ಶಾಶ್ವತವಾಗಿ ಗೆಲ್ಲುತ್ತದೆ ಎಂಬುದು ನಿಜವಲ್ಲ. ಆದರೆ 2014ರಲ್ಲಿ ಡೇವಿಡ್ಸನ್ ಹೆಚ್ಚು ಬಲಿಷ್ಠವಾದ ಅಟ್ಲಾಂಟಿಕ್ 10 ಕಾನ್ಫರೆನ್ಸ್ ಸೇರಿತು, ಹೋದ ಮೊದಲ ವರ್ಷವೇ ಲೀಗ್ ಗೆದ್ದಿತು, 2018ರಲ್ಲಿ ಅಲ್ಲಿನ ಟೂರ್ನಿಯನ್ನೂ ಗೆದ್ದಿತು. 2008 ಇಲ್ಲದಿದ್ದರೆ ಆ ಬಾಗಿಲು ತಟ್ಟುವ ಧೈರ್ಯ ಅಷ್ಟು ಸಣ್ಣ ಕಾಲೇಜಿಗೆ ಬರುತ್ತಿತ್ತೇ? ನನಗೆ ಹಾಗನ್ನಿಸುವುದಿಲ್ಲ.

ಈಗ ಅವನು ತೊಡುತ್ತಿದ್ದ 30ನೇ ನಂಬರಿನ ಜೆರ್ಸಿಯ ವಿಷಯ. ಪದವಿ ಮುಗಿಸದವರ ನಂಬರನ್ನು ಗೌರವಕ್ಕಾಗಿ ಒಳಾಂಗಣದ ಮೇಲೆ ಎತ್ತರದಲ್ಲಿ ಕಟ್ಟುವುದಿಲ್ಲ ಎಂಬುದು ಡೇವಿಡ್ಸನ್‌ನ ನಿಯಮ. ಕರ್ರಿ ಕೊನೆಯ ವರ್ಷ ಓದದೆ ಹೋಗಿದ್ದ. 2015ರಲ್ಲಿ ಎನ್‌ಬಿಎ ಚಾಂಪಿಯನ್ ಆದ, ನಿಯಮ ಬದಲಾಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ಅತಿ ಹೆಚ್ಚು ಮೂರು ಪಾಯಿಂಟ್ ಶಾಟ್‌ಗಳ ಎನ್‌ಬಿಎ ದಾಖಲೆ ಮುರಿದ, ಆಗಲೂ ಬದಲಾಗಲಿಲ್ಲ. ಅವನೂ ಬದಲಿಸಿ ಎನ್ನಲಿಲ್ಲ. ಮೂರು ಮಕ್ಕಳ ತಂದೆಯಾದ ಮೇಲೆ, ಪಂದ್ಯಗಳ ನಡುವೆ ಕೂತು ಉಳಿದ ಓದು ಮುಗಿಸಿದ. ಸಮಾಜಶಾಸ್ತ್ರ ಅವನ ವಿಷಯ. ಕ್ರೀಡೆಯಲ್ಲಿ ಮಹಿಳೆಯರ ಸಮಾನತೆಯ ಬಗ್ಗೆ ಪ್ರಬಂಧ ಬರೆದ. 2022ರ ಮೇ ತಿಂಗಳಲ್ಲಿ ಪದವಿ, ಜೂನ್‌ನಲ್ಲಿ ನಾಲ್ಕನೆಯ ಚಾಂಪಿಯನ್‌ಶಿಪ್. ಘಟಿಕೋತ್ಸವದ ದಿನ ಅವನು ಎನ್‌ಬಿಎಯ ಕೊನೆಯ ಹಂತದ ಪಂದ್ಯಗಳಾದ ಪ್ಲೇಆಫ್‌ನಲ್ಲಿದ್ದ. ಹಾಗಾಗಿ ಆಗಸ್ಟ್ 31ರಂದು ಕಾಲೇಜಿನ ಒಳಾಂಗಣದಲ್ಲಿ ಅವನೊಬ್ಬನಿಗಾಗಿಯೇ ಘಟಿಕೋತ್ಸವ ನಡೆಯಿತು. ಪದವಿ ಪತ್ರ ಕೈಗೆ ಬಂತು, 30 ಮೇಲೇರಿತು.

ನಾನು ಓದಿದ ಕಾಲೇಜಿನಲ್ಲಿ ಗಾಜಿನ ಬೀರು ತುಂಬ ಕಪ್‌ಗಳಿವೆ. ಗೆದ್ದವರು ಈಗ ಎಲ್ಲಿದ್ದಾರೆ ಎಂದು ಕೇಳಿದರೆ ಹೇಳುವವರಿಲ್ಲ. ಅವರನ್ನು ಯಾರೂ ಕರೆಯಲಿಲ್ಲ, ಅವರೂ ಬರಲಿಲ್ಲ. ನಾನೂ ಇಪ್ಪತ್ತು ವರ್ಷ ಆ ಕಡೆ ತಲೆಹಾಕಿರಲಿಲ್ಲ. ಡೇವಿಡ್ಸನ್ ಕಥೆ ನನ್ನನ್ನು ಇಷ್ಟು ಹಿಡಿದಿಟ್ಟುಕೊಳ್ಳಲು ಇದೂ ಒಂದು ಕಾರಣ.

ಮೆಕಿಲಪ್ 33 ವರ್ಷ ಕೋಚ್ ಆಗಿದ್ದು 2022ರಲ್ಲಿ ನಿವೃತ್ತರಾದರು, ಮಗ ಮ್ಯಾಟ್ ಆ ಜಾಗಕ್ಕೆ ಬಂದರು. ಅಷ್ಟರಲ್ಲಿ ಅಮೆರಿಕದ ಕಾಲೇಜು ಕ್ರೀಡೆಯೇ ಬೇರೆಯಾಗಿತ್ತು. ಕರ್ರಿಯ ಕಾಲದಲ್ಲಿ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಈಗ ಹಾಗಿಲ್ಲ, ಆಟಗಾರರಿಗೆ ಹಣವೂ ಸಿಗುತ್ತದೆ. ಆಟಗಾರರಿಗೆ ದುಡ್ಡು ಸಿಗುವುದು ನ್ಯಾಯವೇ. ಆದರೆ ಸಣ್ಣ ಕಾಲೇಜು ಎರಡು ವರ್ಷ ಕಷ್ಟಪಟ್ಟು ತಯಾರು ಮಾಡಿದ ಹುಡುಗನನ್ನು ದೊಡ್ಡ ಕಾಲೇಜು ಕರೆದೊಯ್ಯುವುದು ಈಗ ತೀರ ಸುಲಭ. 2025ರ ಮಾರ್ಚ್‌ನಲ್ಲಿ ಕರ್ರಿ ಡೇವಿಡ್ಸನ್ ಬ್ಯಾಸ್ಕೆಟ್‌ಬಾಲ್‌ನ ಸಹಾಯಕ ಜನರಲ್ ಮ್ಯಾನೇಜರ್ ಆದ, ಎನ್‌ಬಿಎಯಲ್ಲಿ ಇನ್ನೂ ಆಡುತ್ತಿರುವಾಗಲೇ. ಪುರುಷರ ಮತ್ತು ಮಹಿಳೆಯರ ಎರಡೂ ತಂಡಗಳಿಗಾಗಿ ನಿಧಿ ಕಟ್ಟಲು ಗಂಡ ಹೆಂಡತಿ ಇಬ್ಬರೂ ಕೈಜೋಡಿಸಿದರು. ಹಿಂದೆ ಜೊತೆಗೆ ಆಡಿದ ಬ್ರಯಂಟ್ ಬಾರ್ ಎಂಬ ಗೆಳೆಯನನ್ನು ಅವನು ತನ್ನ ಸ್ವಂತ ಕಂಪನಿಯ ಮುಖ್ಯಸ್ಥನನ್ನಾಗಿಯೂ ಮಾಡಿಕೊಂಡಿದ್ದ. ಕ್ಯಾನ್ಸಸ್ ಎದುರಿನ ಪಂದ್ಯದಲ್ಲಿ ತಂಡಕ್ಕೆ ಉಸಿರು ತಂದ ಮೂರು ಪಾಯಿಂಟ್ ಶಾಟ್‌ಗಳನ್ನು ಹಾಕಿದ್ದ ಹುಡುಗ ಈ ಬಾರ್.

ಈಗ ಡೇವಿಡ್ಸನ್ ಸೇರುತ್ತಿರುವ ಮಕ್ಕಳು ಹುಟ್ಟಿದ್ದೇ 2008ರ ಆಸುಪಾಸಿನಲ್ಲಿ. ನೀವೂ ಅಷ್ಟೇ ತಾನೇ?

ನನ್ನ ಮಾತು ಸಾಕು. ದೀಪ ಆರಿಸಲು ಹೇಳಿದ್ದೇನೆ, ಜಾರ್ಜ್‌ಟೌನ್ ಪಂದ್ಯದ ಎರಡನೇ ಅವಧಿಯನ್ನು ಪರದೆಯ ಮೇಲೆ ನೋಡೋಣ. ಒಂದು ಕೆಲಸ ಮಾಡಿ: ಮೊದಲ ಐದು ನಿಮಿಷ ಕರ್ರಿಯ ಮೇಲೆ ಕಣ್ಣಿಡಬೇಡಿ. ನೈಜೀರಿಯಾದಿಂದ ಬಂದ ಆಂಡ್ರ್ಯೂ ಲವ್‌ಡೇಲ್ ಎಂಬ ಎತ್ತರದ ಹುಡುಗ ಎಲ್ಲಿ ನಿಂತು ಸ್ಕ್ರೀನ್ ಹಾಕುತ್ತಾನೆ ನೋಡಿ. ಆಮೇಲೆ ಪ್ರಶ್ನೆ ಕೇಳಿ.