ಆಕಾಶದಿಂದ ಬಿದ್ದ ಕಬ್ಬಿಣದ ಮಣಿ

ಇದು ಲಂಡನ್ನಿನ ಪೆಟ್ರಿ ಮ್ಯೂಸಿಯಂ. ಯೂನಿವರ್ಸಿಟಿ ಕಾಲೇಜಿನ ಕಟ್ಟಡಗಳ ನಡುವೆ ಇದೆ, ಒಳಗೆ ಬರೋಕೆ ಟಿಕೆಟ್ ಬೇಡ. ಪ್ರಾಚೀನ ಈಜಿಪ್ಟ್ ಮತ್ತು ಸುಡಾನಿನ 80,000ಕ್ಕೂ ಹೆಚ್ಚು ವಸ್ತುಗಳಿರೋ ಸಂಗ್ರಹ. ಆದರೆ ನಾನು ಬಂದಿರೋದು ಮೂರು ಮಣಿಗಳಿಗಾಗಿ.

ನೋಡಿ, ಇವೇ. ತುಕ್ಕು ಹಿಡಿದ ಮೊಳೆಯ ಚೂರುಗಳ ಥರ ಕಾಣ್ತವೆ ಅಲ್ವಾ? ಒಂದೊಂದೂ ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದ ಇಲ್ಲ. 1911ರಲ್ಲಿ ಕೈರೋದ ದಕ್ಷಿಣಕ್ಕೆ ಗೆರ್ಜೆ ಅನ್ನೋ ಕಡೆ ಹಳೆಯ ಸ್ಮಶಾನ ಅಗೆದಾಗ ಎರಡು ಸಮಾಧಿಗಳಿಂದ ಇಂಥ ಒಂಬತ್ತು ಮಣಿ ಸಿಕ್ಕವು. ಸುಮಾರು ಕ್ರಿ.ಪೂ. 3200ರವು. ಫೇರೋಗಳ ಆಳ್ವಿಕೆ ಇನ್ನೂ ಶುರುವಾಗಿರಲಿಲ್ಲ, ಪಿರಮಿಡ್ಡುಗಳಂತೂ ಕನಸಲ್ಲೂ ಇರಲಿಲ್ಲ.

ಅದಿರು ಕರಗಿಸಿ ಕಬ್ಬಿಣ ತೆಗೆಯೋ ವಿದ್ಯೆ ಬರೋಕೆ ಇನ್ನೂ ಸುಮಾರು 2,000 ವರ್ಷ ಬೇಕಿತ್ತು. ಹಾಗಾದ್ರೆ ಈ ಕಬ್ಬಿಣ ಎಲ್ಲಿಂದ ಬಂತು? ಆಕಾಶದಿಂದ. ಇದು ಉಲ್ಕೆಯ ಕಬ್ಬಿಣ. 2013ರಲ್ಲಿ ಪ್ರಕಟವಾದ ಸಂಶೋಧನೆಗಳಲ್ಲಿ ವಿಜ್ಞಾನಿಗಳು ಮಣಿಯನ್ನು ಒಡೆಯದೆಯೇ ಒಳಗನ್ನು ಪರೀಕ್ಷಿಸಿದರು. ನಿಕ್ಕಲ್, ಕೋಬಾಲ್ಟ್, ಜರ್ಮೇನಿಯಂ ಸಿಕ್ಕವು, ಉಲ್ಕೆಯಲ್ಲಿ ಇರೋ ಹಾಗೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ವಿಷಯ. ಕಲ್ಲಿನ ಮಣಿಗೆ ತೂತು ಕೊರೀತಾರೆ. ಇದಕ್ಕೆ ಕೊರೆದಿಲ್ಲ. ಉಲ್ಕೆಯ ಚೂರನ್ನು ಬಡಿದು ಬಡಿದು ತೆಳ್ಳಗಿನ ತಗಡು ಮಾಡಿ, ಆ ತಗಡನ್ನು ಕೊಳವೆಯ ಹಾಗೆ ಸುತ್ತಿದ್ದಾರೆ. ತಾಮ್ರದಷ್ಟು ಸುಲಭಕ್ಕೆ ಬಗ್ಗೋ ಲೋಹ ಅಲ್ಲ ಇದು, ಗಟ್ಟಿ, ಬಡಿದರೆ ಬಿರುಕು ಬಿಡುತ್ತೆ. ಕಾಯಿಸಬೇಕು, ಬಡಿಯಬೇಕು, ಮತ್ತೆ ಕಾಯಿಸಬೇಕು. ಕಮ್ಮಾರಿಕೆ ಅನ್ನೋದೇ ಹುಟ್ಟದ ಕಾಲದಲ್ಲಿ ಯಾರೋ ಒಬ್ಬರು ತಾಳ್ಮೆಯಿಂದ ಕೂತು ಈ ಲೋಹದ ಮರ್ಜಿ ಕಲಿತಿದ್ದಾರೆ. ಅವರ ಹೆಸರು ಗೊತ್ತಿದ್ದಿದ್ರೆ ಈಗ ಗಟ್ಟಿಯಾಗಿ ಹೇಳ್ತಿದ್ದೆ.

ಇವನ್ನು ಒಂಟಿಯಾಗಿ ಪೋಣಿಸಿರಲಿಲ್ಲ. ಜೊತೆಗೆ ಚಿನ್ನ, ಕೆಂಪು ಕಾರ್ನೀಲಿಯನ್ ಕಲ್ಲು, ಅಫ್ಘಾನಿಸ್ತಾನದ ಬೆಟ್ಟಗಳಿಂದ ಕೈಯಿಂದ ಕೈಗೆ ದಾಟಿ ಬಂದ ನೀಲಿ ಲ್ಯಾಪಿಸ್ ಲಜುಲಿ ಕಲ್ಲು. ಆಗ ತುಕ್ಕು ಎಲ್ಲಿತ್ತು? ಹೊಸದರಲ್ಲಿ ಈ ಕಬ್ಬಿಣ ಬೆಳ್ಳಿಯ ಹಾಗೆ ಮಿರಮಿರ ಮಿಂಚಿರುತ್ತೆ. ಹಳದಿ, ಕೆಂಪು, ನೀಲಿ, ನಡುವೆ ಈ ಬಿಳಿ ಹೊಳಪು. ಅದನ್ನು ಕಣ್ಣಲ್ಲಿ ತಂದುಕೊಳ್ತಾ ಗಾಜಿನ ಮುಂದೆ ತುಂಬಾ ಹೊತ್ತು ನಿಂತೆ.